ನಮೂನೆಯ ನಂಬರು

ಹದಿನಾಲ್ಕು ಜನರ ಫೋನುಗಳು ಒಂದೇ ನಂಬರಿಗೆ ತೆರೆದುಕೊಳ್ಳುತ್ತವೆ ಎಂದು ಗೊತ್ತಾದಾಗ ನಾನು ವಾಚನಾಲಯದ ಮೇಜಿನ ಹಿಂದೆ ನಿಂತಿದ್ದೆ. ಹಾಗೇ ಕುಸಿದು ಕುಳಿತೆ. ಹಿಂದೆ ಕುರ್ಚಿ ಇದೆಯೋ ಇಲ್ಲವೋ ನೋಡಲಿಲ್ಲ. ಇತ್ತು, ನನ್ನ ಪುಣ್ಯ. ಆ ನಂಬರನ್ನು ಅವರಿಗೆ ಕೊಟ್ಟವಳು ನಾನೇ. ಕೊಟ್ಟದ್ದು ಸಾಲದು ಎಂಬಂತೆ ಅವತ್ತು ಎಲ್ಲರಿಗೂ ಚಹಾ ತರಿಸಿ, ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ.

ಕೋಠಿ ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ, ಔಷಧಿ ಅಂಗಡಿಗಳ ಸಾಲಿನ ಹಿಂದಿನ ಗಲ್ಲಿಯಲ್ಲಿ ನಮ್ಮ ಕನ್ನಡಿಗರ ಸಂಘದ ವಾಚನಾಲಯವಿದೆ. ಅಲ್ಲಿ ನನಗೆ ಇಪ್ಪತ್ತು ವರ್ಷಕ್ಕೂ ಮೇಲೆ ಸೇವೆ. ಬರುವವರು ಹೆಚ್ಚಾಗಿ ಕಲಬುರಗಿ, ರಾಯಚೂರು, ಬೀದರ ಕಡೆಯಿಂದ ಎರಡು ಮೂರು ತಲೆಮಾರಿನ ಹಿಂದೆ ಬಂದು ಸರ್ಕಾರಿ ಕಚೇರಿಗಳಲ್ಲಿ ನೆಲೆ ನಿಂತ ಮನೆತನದವರು. ಹೊರಗೆ ತೆಲುಗು, ಹಿಂದಿ. ನಮ್ಮ ಹೊಸ್ತಿಲು ದಾಟಿದ ಕೂಡಲೇ ಕನ್ನಡ. ಪೇಪರು ಓದಿ, ಒಂದು ಕಾದಂಬರಿ ಒಯ್ದು, ಹೋಗುವಾಗ ನಲ್ಲಿ ಸೋರುತ್ತಿದೆ ಎಂದು ನನಗೊಂದು ದೂರು ಕೊಟ್ಟು ಹೋಗುವ ಜನ.

ಓದುಗರು ಕಡಿಮೆಯಾಗುತ್ತಿದ್ದಾರೆ, ದೊಡ್ಡವರಿಗೆ ಫೋನು ಕಲಿಸುವ ತರಗತಿ ನಡೆಸೋಣ ಎಂದು ಸಂಘದ ಕಾರ್ಯದರ್ಶಿ ಹೊರಟಾಗಲೇ ನನಗೆ ಮೊದಲ ಆಘಾತವಾಗಿತ್ತು. ಆತ ಗಚ್ಚಿಬೌಲಿಯ ಕಂಪನಿಯೊಂದರಲ್ಲಿ ಕೆಲಸ ಮಾಡುವವನು, ನನಗಿಂತ ಇಪ್ಪತ್ತು ವರ್ಷ ಚಿಕ್ಕವನು. ಕಲಿಸುವವರು ಯಾರು ಎಂದು ಕೇಳಿದೆ. ನೀವೇ ಎಂದ. ಫೋನಿನಲ್ಲಿ ಕ್ಯಾಬು ಕರೆಯುವುದನ್ನು ನಾನೇ ಆಗಷ್ಟೇ ಕಲಿತಿದ್ದೆ. ಜಗಳಕ್ಕೆ ಹೋದೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಹುಡುಕಬೇಕಾಗಿಲ್ಲ. ಅವನು ನಗುತ್ತಾ ಒಂದು ಹಾಳೆಯನ್ನು ಮೇಜಿನ ಮೇಲಿಟ್ಟು ಹೋದ. ಕಲಿಸುವ ಸಿಬ್ಬಂದಿಗೆ ಏನೇನು ಬರಬೇಕು ಎಂಬುದರ ಪಟ್ಟಿ ಅದು. ಕಲಿಯುವವರ ಫೋನನ್ನು ನೀವು ಕೈಗೆ ತೆಗೆದುಕೊಳ್ಳಬೇಡಿ. ಅವರು ಗುಟ್ಟಿನ ನಂಬರು ಒತ್ತುವಾಗ ನೀವು ಬೇರೆ ಕಡೆ ನೋಡಿ. ಮುಂದಿನ ಪಾಠಕ್ಕೆ ಹೋಗುವ ಮೊದಲು, ಏನು ಮಾಡಿದರು, ಯಾಕೆ ಮಾಡಿದರು ಎಂದು ಅವರ ಬಾಯಿಂದಲೇ ಹೇಳಿಸಿ. ಹೀಗೆ ಇನ್ನೂ ಎಷ್ಟೋ ಇದ್ದವು. ಮೊದಲೆರಡನ್ನು ನಾನು ವ್ರತದ ಹಾಗೆ ಹಿಡಿದೆ. ಬಾಯಿಂದ ಹೇಳಿಸುವುದನ್ನು ಮಾತ್ರ ಬಿಟ್ಟೆ. ಎಪ್ಪತ್ತು ದಾಟಿದವರನ್ನು ಬಾಲವಾಡಿಯ ಮಕ್ಕಳಂತೆ ನಿಲ್ಲಿಸಿ ಪಾಠ ಒಪ್ಪಿಸಿಕೊಳ್ಳುವುದು ನನ್ನಿಂದ ಆಗದ ಕೆಲಸ, ಅದಕ್ಕೆ ಹೊತ್ತೂ ಇಲ್ಲ ಎಂದುಕೊಂಡೆ.

ಗುರುವಾರ ಹನ್ನೊಂದಕ್ಕೆ ತರಗತಿ. ಗಂಡಸರು ಕಿಟಕಿಯ ಬದಿಯ ಬೆಂಚಿನಲ್ಲಿ, ಹೆಂಗಸರು ಪುಸ್ತಕದ ಕಪಾಟುಗಳ ಕಡೆ. ಯಾರೂ ಹೇಳಿರಲಿಲ್ಲ, ತಾವಾಗಿಯೇ ಹಾಗೆ ಕುಳಿತರು. ಅವರಲ್ಲಿ ಒಂದು ಜೋಡಿ ನಮ್ಮ ವಾಚನಾಲಯದಿಂದ ಎರಡು ಗಲ್ಲಿ ಆಚೆ ಇರುವವರು. ನಾನು ಕಾಕಾ, ಕಾಕು ಎನ್ನುತ್ತೇನೆ; ಪಾಠ ಹೇಳುವವಳೆಂದು ಅವರಿಗೆ ನಾನು ಅಕ್ಕೋರು. ಕಾಕಾ ಲೆಕ್ಕಪತ್ರ ಇಲಾಖೆಯಿಂದ ನಿವೃತ್ತರಾದವರು. ಆರು ತಿಂಗಳ ಹಿಂದೆ ಎದೆ ಸೀಳಿ ಆಪರೇಷನ್ ಆಗಿತ್ತು. ಅಂಗಿಯ ಮೇಲಿನ ಗುಂಡಿ ಬಿಚ್ಚಿದರೆ ಹೊಲಿಗೆಯ ಗುರುತು ಕಾಣುತ್ತಿತ್ತು. ಕಾಕು ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹೊಲಿಗೆ ಕಲಿಸಿದವರು. ದಿನಾ ಮುಂಜಾನೆ ಚಹಾ ಕುಡಿಯುತ್ತಾ ಎರಡೂ ಫೋನುಗಳಿಗೆ ಬಂದ ಮೆಸೇಜುಗಳನ್ನು ಕಾಕಾ ಗಟ್ಟಿಯಾಗಿ ಓದಿ ಹೇಳುವುದು, ಕಾಕು ಕಾಯಿಪಲ್ಲೆ ಹೆಚ್ಚುತ್ತಾ ಕೇಳುವುದು ಆ ಮನೆಯ ರೂಢಿ. ಗ್ಯಾಸು ಬರುತ್ತದೆ ಎನ್ನುವುದರಿಂದ ಹಿಡಿದು ಸೀರೆಯ ಜಾಹೀರಾತಿನ ತನಕ ಒಂದನ್ನೂ ಬಿಡುತ್ತಿರಲಿಲ್ಲವಂತೆ.

ಒಂದು ಮಧ್ಯಾಹ್ನ, ಯಾರೂ ಇಲ್ಲದ ಹೊತ್ತಿಗೆ ಕಾಕು ಒಬ್ಬರೇ ಬಂದರು. ನಾನು ಹಳೆಯ ಪುಸ್ತಕಗಳ ಬೆನ್ನಿಗೆ ಚೀಟಿ ಅಂಟಿಸುತ್ತಿದ್ದೆ. ಫೋನಿಗೆ ಬೀಗ ಹಾಕುವುದು ಹೇಗೆ ಎಂದು ಕೇಳಿದರು. ಯಾಕೆ ಎಂದು ಸುಮ್ಮನೆ ಕೇಳಿದೆ. ಅವರು ಬಾಗಿಲ ಕಡೆ ಒಮ್ಮೆ ನೋಡಿ ಹೇಳಿಬಿಟ್ಟರು. ಎದೆಯಲ್ಲಿ ಗಂಟಾಗಿದೆ. ಸಿಕಂದರಾಬಾದಿನ ತಂಗಿಯ ಮನೆಗೆ ಹೋಗುತ್ತೇನೆ ಎಂದು ಹೇಳಿ, ತಂಗಿಯನ್ನು ಕರೆದುಕೊಂಡು ಗಚ್ಚಿಬೌಲಿ ಕಡೆಯ ಆಸ್ಪತ್ರೆಗೆ ಎರಡು ಸಲ ಹೋಗಿ ಬಂದಿದ್ದಾರೆ. ಸೂಜಿ ಹಾಕಿ ತುಣುಕು ತೆಗೆದಿದ್ದಾರೆ. ಅದರ ವರದಿ ಫೋನಿಗೇ ಬರುತ್ತದಂತೆ. ಬಂದರೆ ಮರುದಿನ ಮುಂಜಾನೆ ಚಹಾದ ಜೊತೆ ಅದನ್ನೂ ಕಾಕಾ ಗಟ್ಟಿಯಾಗಿ ಓದುತ್ತಾರೆ.

"ಅವರ ಎದಿ ಈಗ ಹೊಲದು ಮನಿಗೆ ಕಳಿಸ್ಯಾರ, ಅಕ್ಕೋರ," ಎಂದರು. "ಈ ಸುದ್ದಿ ಕೇಳಿದ್ರ ಮತ್ತ ಬಿಚ್ಚತೈತಿ."

ನನ್ನ ಕೈಯಲ್ಲಿದ್ದ ಚೀಟಿ ಬೆರಳಿಗೇ ಅಂಟಿಕೊಂಡಿತು. ಗುರುವಾರ ಬೀಗದ ಪಾಠವನ್ನೇ ಮಾಡುತ್ತೇನೆ, ಎಲ್ಲರ ಜೊತೆ ಕಲಿತುಬಿಡಿ, ಆಗ ಯಾರಿಗೂ ಅನುಮಾನ ಬರುವುದಿಲ್ಲ ಎಂದೆ. ಭಾರಿ ಜಾಣತನ ಮಾಡಿದೆ ಎಂದೇ ಅಂದುಕೊಂಡಿದ್ದೆ.

ಆ ಗುರುವಾರ ಬೋರ್ಡಿನ ಮೇಲೆ ಫೋನಿನಲ್ಲಿರುವಂತೆಯೇ ಅಂಕಿಗಳ ಮನೆಗಳನ್ನು ಬರೆದೆ. ಹಿಂದಿನವರಿಗೂ ಕಾಣಲಿ ಎಂದು ನಡುವಿನ ಸಾಲಿನಲ್ಲಿ ಮೇಲಿಂದ ಕೆಳಗೆ ಬಣ್ಣದ ಸೀಮೆಸುಣ್ಣದಿಂದ ಗೆರೆ ಎಳೆದೆ. ಎರಡು, ಐದು, ಎಂಟು, ಸೊನ್ನೆ. ಉದಾಹರಣೆಗೆ ಹೀಗೆ ಎಂದು ಒಂದೇ ಒಂದು ಸಲ ಹೇಳಿದೆ. ಈಗ ನೀವು ಹಾಕಿ ಎಂದು ಹೇಳಿ, ಹಾಳೆಯಲ್ಲಿದ್ದಂತೆ ಅವರಿಗೆ ಬೆನ್ನು ಮಾಡಿ ಗೋಡೆಯ ಕ್ಯಾಲೆಂಡರು ನೋಡುತ್ತಾ ನಿಂತೆ. ಆ ತಿಂಗಳ ಏಕಾದಶಿಗಳೆಲ್ಲ ಬಾಯಿಪಾಠವಾದವು. ತಿರುಗಿ ನೋಡಿದರೆ ಹದಿನಾಲ್ಕು ಜನರೂ ಬೀಗ ಹಾಕಿ, ತೆಗೆದು, ಮತ್ತೆ ಹಾಕಿ ಕುಳಿತಿದ್ದರು. ಒಬ್ಬರೂ ಎಡವಿರಲಿಲ್ಲ. ನನಗೆ ಹಿಗ್ಗೋ ಹಿಗ್ಗು. ಮೂಲೆಯ ಹೋಟೆಲಿನಿಂದ ಇರಾನಿ ಚಹಾ, ಉಸ್ಮಾನಿಯಾ ಬಿಸ್ಕತ್ತು ತರಿಸಿದೆ. ಕಾಕು ದೂರದಿಂದಲೇ ನನ್ನ ಕಡೆ ನೋಡಿ ತಲೆಯಾಡಿಸಿದರು. ಇನ್ನು ಮುಂದೆ ಅವರವರ ಮೆಸೇಜು ಅವರವರೇ ಓದಬೇಕು ಎಂದು ಅಕ್ಕೋರು ಹೇಳಿದ್ದಾರೆ ಎಂದು ಮನೆಯಲ್ಲಿ ಕಾಕಾನಿಗೆ ಒಪ್ಪಿಸಿದರಂತೆ.

ಎರಡು ವಾರವಾಗಿರಬೇಕು. ಮಂಗಳವಾರ ಹತ್ತು ಗಂಟೆಗೆ ಬಾಗಿಲು ತೆಗೆದು ಇನ್ನೂ ಕಸ ಗುಡಿಸುತ್ತಿದ್ದೆ. ಕಾಕಾ ಬಂದರು. ಅವರು ಪೇಪರಿನ ಕಡೆ ಹೋಗಲಿಲ್ಲ. ಜೇಬಿನಿಂದ ಕರವಸ್ತ್ರದಲ್ಲಿ ಸುತ್ತಿದ ಫೋನು ತೆಗೆದು ಮೇಜಿನ ಮೇಲಿಟ್ಟರು. ಕಾಕು ಗುಡಿಗೆ ಹೋಗಿದ್ದಾರೆ, ಹನ್ನೊಂದಕ್ಕೆ ಬರುತ್ತಾರೆ, ಅಷ್ಟರೊಳಗೆ ಇದನ್ನು ಇದ್ದ ಜಾಗದಲ್ಲಿ ಇಡಬೇಕು ಎಂದರು. ಆಮೇಲೆ ಕೇಳಿದರು.

"ಓದಿದ್ದನ್ನ ಓದಲಾರದಂಗ ಮಾಡೋದು ಹೆಂಗ್ರಿ, ಅಕ್ಕೋರ?"

ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು, ಕಚೇರಿಯ ಕಡತ ಓದುವವರ ದನಿಯಲ್ಲಿ. ಇಬ್ಬರ ಫೋನೂ ಒಂದೇ ಅಂಗಡಿಯವು, ಒಂದೇ ಬಣ್ಣ. ಚಾರ್ಜಿಗೆ ಇಟ್ಟಿದ್ದರಲ್ಲಿ ತಮ್ಮದೆಂದು ಹೆಂಡತಿಯದನ್ನು ಎತ್ತಿಕೊಂಡಿದ್ದಾರೆ. ನಂಬರು ಒತ್ತಿದ್ದಾರೆ, ತೆರೆದಿದೆ. ಆಸ್ಪತ್ರೆಯಿಂದ ಹೊಸ ಮೆಸೇಜು. ತಮ್ಮ ಎದೆಯ ತಪಾಸಣೆಯದೇ ಎಂದುಕೊಂಡು ವರದಿ ತೆರೆದಿದ್ದಾರೆ. ಮೇಲೆ ಕಾಕುವಿನ ಹೆಸರು, ವಯಸ್ಸು. ಕೆಳಗೆ ಆ ರೋಗದ ಹೆಸರು. ಸೋಮವಾರ ಒಂಬತ್ತೂವರೆಗೆ ಡಾಕ್ಟರನ್ನು ಕಾಣಬೇಕು, ಮನೆಯವರೊಬ್ಬರು ಜೊತೆಗೆ ಬರಬೇಕು ಎಂದು ಕೊನೆಯಲ್ಲಿ ಬರೆದಿದೆ.

ನಿಜ ಹೇಳುತ್ತೇನೆ, ರೋಗದ ಹೆಸರಿಗಿಂತ ಮೊದಲು ನನ್ನನ್ನು ಹೊಡೆದದ್ದು ಬೀಗ. ನಾನು ಕಲಿಸಿದ ಬೀಗ. ಅದು ಇವರ ಕೈಯಲ್ಲಿ ಹೇಗೆ ತೆರೆಯಿತು ಎಂದು ಕೇಳಿದೆ.

"ನಿಮ್ಮ ನಂಬರ್ ಹಾಕಿದ್ನಿ. ಬೋರ್ಡಿನ ಮ್ಯಾಲೆ ಬರದಿದ್ರೆಲ್ಲಾ, ಅದು."

ಅದು ಉದಾಹರಣೆ, ನಿಮ್ಮ ನಿಮ್ಮ ನಂಬರನ್ನು ನೀವೇ ಹಾಕಿಕೊಳ್ಳಬೇಕಿತ್ತು ಎಂದೆ. ನನ್ನ ದನಿ ನನಗೇ ಕೀರಲಾಗಿ ಕೇಳಿಸಿತು. ಕಾಕಾ ನನ್ನನ್ನೇ ನೋಡಿದರು. ಅವರಿಗೂ ಅದು ಹೊಸ ಸುದ್ದಿ.

"ನಮೂನಾ ಹೆಂಗ ಐತಿ ಹಂಗ ತುಂಬೋದು ನಮ್ಮ ರೂಢಿ," ಎಂದರು. "ಮೂವತ್ನಾಕು ವರ್ಷ ಹಂಗ ಮಾಡೀವಿ."

ಕಚೇರಿಯ ಗೋಡೆಗೆ ತುಂಬಿದ ಅರ್ಜಿಯ ಒಂದು ನಮೂನೆ ತೂಗುಹಾಕಿರುತ್ತಾರಲ್ಲ, ಅದರಂತೆ ಅಕ್ಷರ ತಪ್ಪದೆ ತುಂಬಿದರೆ ಕಾಗದ ಮುಂದೆ ಹೋಗುತ್ತದೆ, ಇಲ್ಲದಿದ್ದರೆ ತಿರುಗಿ ಬರುತ್ತದೆ. ಆ ಬೆಂಚಿನ ಮೇಲಿನವರೆಲ್ಲ ಇದರಲ್ಲೇ ಬದುಕು ಸವೆಸಿದವರು. ಕಾಕುವೂ ಅಷ್ಟೇ, ಕಾಗದದ ನಮೂನೆಯನ್ನು ಬಟ್ಟೆಯ ಮೇಲಿಟ್ಟು ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಕತ್ತರಿಸಿ ಎಂದು ಹುಡುಗಿಯರಿಗೆ ಹೇಳುತ್ತಾ ಬಂದವರು. ಇಂಥ ಜನರ ಮುಂದೆ ನಾನು ಬೋರ್ಡಿನ ಮೇಲೆ ನಾಲ್ಕು ಅಂಕಿ ಬರೆದು ಕ್ಯಾಲೆಂಡರು ನೋಡುತ್ತಾ ನಿಂತಿದ್ದೆ. ಏನು ಮಾಡಿದಿರಿ ಎಂದು ಒಬ್ಬರನ್ನಾದರೂ ಕೇಳಿದ್ದರೆ ಅವತ್ತೇ ತಿಳಿಯುತ್ತಿತ್ತು.

ನಾನು ತಲೆಯ ಮೇಲೆ ಕೈ ಹೊತ್ತದ್ದು ನೋಡಿ ಕಾಕಾ ಗಡಿಯಾರ ತೋರಿಸಿದರು. ಹತ್ತೂ ಇಪ್ಪತ್ತು. ಅವರಿಗೆ ನನ್ನ ತಪ್ಪಿನ ಗೊಡವೆ ಇರಲಿಲ್ಲ. ಮೆಸೇಜು ಹೊಸದಾಗಿದ್ದಾಗ ದಪ್ಪ ಅಕ್ಷರದಲ್ಲಿತ್ತು, ಈಗ ಸಣ್ಣದಾಗಿದೆ. ಕಾಕು ಬಂದು ನೋಡಿದರೆ ಯಾರೋ ಓದಿದ್ದಾರೆ ಎಂದು ತಿಳಿದುಬಿಡುತ್ತದೆ ಎಂಬುದೇ ಅವರ ಚಿಂತೆ. ನೀವೇ ಮಾತಾಡಬಾರದೇ ಎಂದು ಕೇಳಿದೆ.

"ಆಕಿ ನನ್ನ ಸಲುವಾಗಿ ಮುಚ್ಚಿಟ್ಟಾಳ. ನಾ ತೆರದು ನೋಡೀನಿ ಅಂತ ಗೊತ್ತಾದ್ರ ಆಕಿಗೆ ಇನ್ನಾ ಭಾರ ಆಕ್ಕೈತ್ರಿ. ಆಕಿ ಹೇಳೋ ಮಟ ನಾ ಕೇಳಂಗಿಲ್ಲ."

ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಎನ್ನುತ್ತಾರಲ್ಲ, ಅವತ್ತು ಆ ಬೇಲಿ ನಾನು. ಹೆಂಡತಿಗೆ ಬೀಗ ಹಾಕಲು ಕಲಿಸಿದವಳು, ಅದು ತೆರೆದದ್ದನ್ನು ಮುಚ್ಚಿಹಾಕಲು ಗಂಡನಿಗೆ ಕಲಿಸಬೇಕು. ಆಗುವುದಿಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ. ನಾನು ಫೋನನ್ನು ಮುಟ್ಟದೆ, ಮೆಸೇಜಿನ ಮೇಲೆ ಬೆರಳು ಒತ್ತಿ ಹಿಡಿಯಿರಿ, ಎತ್ತಬೇಡಿ ಎಂದೆ. ಮೊದಲ ಸಲ ಬೇಗ ಎತ್ತಿದರು, ವರದಿಯೇ ಮತ್ತೆ ತೆರೆಯಿತು. ಇಬ್ಬರೂ ಬೇರೆ ಕಡೆ ನೋಡಿದೆವು. ಎರಡನೆಯ ಸಲವೂ ಅದೇ. ಮೂರನೆಯ ಸಲ ನಾನು ಮೇಜಿನ ಮೇಲೆ ನನ್ನ ಬೆರಳು ಊರಿ, ನಾನು ಎತ್ತಿದಾಗ ನೀವೂ ಎತ್ತಿ ಎಂದೆ. ಮೇಲೆ ಮೂರು ಚುಕ್ಕಿ ಬಂದವು. ಅದರೊಳಗೆ ‘ಓದಿಲ್ಲವೆಂದು ಗುರುತಿಸಿ’ ಎಂಬ ಸಾಲನ್ನು ಒತ್ತಿಸಿದೆ. ಅಕ್ಷರ ಮತ್ತೆ ದಪ್ಪವಾಯಿತು. ಏನು ಮಾಡಿದಿರಿ ಹೇಳಿ ಎಂದು, ಅಷ್ಟು ದಿನ ಯಾರನ್ನೂ ಕೇಳದ ಪ್ರಶ್ನೆಯನ್ನು ಕೇಳಿದೆ. ಅವರು ಒಂದೂ ಬಿಡದೆ ಒಪ್ಪಿಸಿದರು. ಕರವಸ್ತ್ರ ಸುತ್ತಿಕೊಂಡು, ಎಂದಿಗಿಂತ ಬೇಗ ಹೆಜ್ಜೆ ಹಾಕುತ್ತಾ ಹೋದರು.

ಪೇಪರಿನ ಮೇಜಿನ ಹತ್ತಿರ ನಮ್ಮ ತರಗತಿಯ ಇನ್ನೊಬ್ಬ ಹಿರಿಯರು ಬಂದು ಕುಳಿತಿದ್ದರು. ಬೀಗ ಸರಿಯಾಗಿದೆಯೇ ಎಂದು ವಿಚಾರಿಸಿದೆ. ಅವರು ಫೋನು ಮೇಜಿನ ಮೇಲಿಟ್ಟು, ನನ್ನೆದುರಿಗೇ, ಅಡಗಿಸುವ ಗೊಡವೆಯೇ ಇಲ್ಲದೆ ಒತ್ತಿದರು. ಎರಡು, ಐದು, ಎಂಟು, ಸೊನ್ನೆ. ಉಳಿದವರಿಗೆ ಒಬ್ಬೊಬ್ಬರಿಗೂ ಫೋನು ಮಾಡಿ, ನಿಮ್ಮದು ಬೋರ್ಡಿನ ನಂಬರೇ ಏನು ಎಂದು ಕೇಳಿದೆ. ಹೌದು, ಹೌದು, ಮತ್ತೆ ಯಾವುದು? ಒಬ್ಬರಂತೂ ಬದಲಾಯಿಸಲು ಆದೇಶ ಬಂದಿದೆಯೇ ಎಂದು ವಿಚಾರಿಸಿದರು. ಆಗಲೇ ನಾನು ಕುಸಿದು ಕುಳಿತದ್ದು. ಕಾಕುವಿಗೆ ಮಾತ್ರ ಫೋನು ಮಾಡುವ ಧೈರ್ಯ ನನಗೆ ಬರಲಿಲ್ಲ.

ಗುರುವಾರ ಎಲ್ಲರೂ ಬಂದರು. ಬೋರ್ಡಿನ ಮೇಲೆ ಏನೂ ಬರೆಯಲಿಲ್ಲ. ತಪ್ಪು ನನ್ನದು ಎಂದು ನಿಂತು ಹೇಳಿದೆ. ನಿಮ್ಮೆಲ್ಲರ ಫೋನಿಗೂ ಒಂದೇ ನಂಬರು ಬಿದ್ದಿದೆ, ಯಾರು ಬೇಕಾದರೂ ಯಾರದನ್ನಾದರೂ ತೆರೆಯಬಹುದು, ಈಗ ನಿಮಗೊಬ್ಬರಿಗೇ ಗೊತ್ತಿರುವ ನಂಬರು ಹಾಕಿಕೊಳ್ಳಿ ಎಂದೆ. ಕೋಣೆಯಲ್ಲಿ ಗುಸುಗುಸು ಎದ್ದಿತು. ಹಾಗಾದರೆ ಹೊಸ ನಂಬರಿಗೆ ನಮೂನೆ ಯಾವುದು ಎಂದು ಹಿಂದಿನಿಂದ ಒಬ್ಬರು ಕೇಳಿದರು. ಬೇರೆ ದಿನವಾಗಿದ್ದರೆ ರೇಗುತ್ತಿದ್ದೆ. ಅವತ್ತು ಅವರ ಪಕ್ಕ ಕುಳಿತು, ಗುಟ್ಟು ಎಂದರೆ ಏನು ಎಂದು ನಿಧಾನವಾಗಿ ಮಾತಾಡಿದೆ.

ತಲೆ ಎತ್ತಿದರೆ ಕಾಕು ಸುಮ್ಮನೆ ಕುಳಿತಿದ್ದರು. ಫೋನು ತೊಡೆಯ ಮೇಲಿತ್ತು. ಎದುರಿನ ಬೆಂಚಿನಲ್ಲಿ ಕಾಕಾ ಅಂಗೈ ಮರೆ ಮಾಡಿ ಹೊಸ ನಂಬರು ಹಾಕುವುದರಲ್ಲಿ ಮುಳುಗಿದ್ದರು. ನಾನು ಕಾಕುವಿನ ಹತ್ತಿರ ಹೋಗಿ ಬಗ್ಗಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದರೆ ಕೇಳಿಸಿಕೊಳ್ಳಲು ಸಿದ್ಧಳಾಗಿಯೇ ಹೋಗಿದ್ದೆ. ನಂಬರು ಬದಲಾಯಿಸಿ ಎಂದೆ.

"ಇರಲಿ ಬಿಡ್ರಿ," ಎಂದರು, ಪಿಸುಮಾತಿನಲ್ಲಿ. "ವರದಿ ಬಂದೈತಿ. ತಂಗಿ ಓದಿ ಹೇಳ್ಯಾಳ. ಸೋಮವಾರ ಇವರನ್ನ ಕರಕೊಂಡು ಹೋಗಬೇಕು. ನಾಕು ಸಲ ಬಾಯಿತನಕ ಬಂತು, ಹೇಳಾಕ ಆಗವಲ್ತು. ಈ ನಂಬರ್ ಹಿಂಗ ಇರಲಿ. ಫೋನ್ ಅವರ ಮುಂದ ಇಡತೀನಿ. ತಾವಾ ತೆಗದು ಓದಲಿ."

ಈಕೆ ಓದಲಿ ಎಂದು ಫೋನು ಎದುರಿಗೆ ಇಡುತ್ತಾರೆ. ಆತ ಮುಟ್ಟುವುದೇ ಇಲ್ಲ. ಆಕೆ ಹೇಳುವ ತನಕ ಕೇಳುವುದಿಲ್ಲ ಎಂದು ಹಟ ತೊಟ್ಟಿದ್ದಾರೆ. ನಡುವೆ ಸೋಮವಾರ ಬರುತ್ತದೆ, ಹೋಗುತ್ತದೆ. ಒಬ್ಬ ಓದುಗರು ಏನು ಓದಿದರು ಎಂದು ಇನ್ನೊಬ್ಬರಿಗೆ ಹೇಳಬಾರದು ಎಂಬುದು ನಮ್ಮ ಕೆಲಸದ ಮೊದಲ ಪಾಠ. ಇಷ್ಟು ವರ್ಷದಲ್ಲಿ ಒಮ್ಮೆಯೂ ಅದನ್ನು ಮೀರಿದವಳಲ್ಲ. ಮಾತು ಕೊಡದಿದ್ದರೂ ಕಾಕಾನಿಗೆ ಮಾತು ಕೊಟ್ಟಂತೆಯೇ ಆಗಿತ್ತು.

"ಕಾಕು, ಅವರು ಓದ್ಯಾರ್ರಿ," ಎಂದೆ.

ಕಾಕು ನನ್ನ ಮುಖ ನೋಡಲಿಲ್ಲ. ಎದುರಿನ ಬೆಂಚನ್ನೇ ನೋಡುತ್ತಿದ್ದರು. ಯಾವಾಗ ಎಂದು ಕೇಳಿದರು. ಮಂಗಳವಾರ ಮುಂಜಾನೆ ಎಂದೆ.

"ಮಂಗಳವಾರ ಸಂಜಿಕ ಅಡಗಿಮನಿಗೆ ಬಂದು ಭಾಂಡಿ ತಿಕ್ಕಿದ್ರು," ಎಂದರು. "ಲಗ್ನ ಆಗಿ ನಲವತ್ತೊಂದು ವರ್ಷ ಆತು, ಎಂದೂ ತಿಕ್ಕಿದವರಲ್ಲ. ಡಾಕ್ಟರ್ ಕೈ ಆಡಸಾಕ ಹೇಳ್ಯಾರ ಅಂದ್ರು. ನಾ ಖರೇ ಅಂತ ನಂಬಿದ್ನಿ."

ನಾನು ಅಲ್ಲೇ, ಮೇಲಿನ ಪುಸ್ತಕ ತೆಗೆಯಲು ಇಟ್ಟ ಏಣಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲೂ ತೋಚಲಿಲ್ಲ. ಕಾಕು ಸೆರಗು ಸರಿಮಾಡಿಕೊಂಡು ಎದ್ದರು. ಇಷ್ಟು ತಿಂಗಳಲ್ಲಿ ಹೆಂಗಸರ ಕಡೆಯಿಂದ ಯಾರೂ ಗಂಡಸರ ಬೆಂಚಿಗೆ ಹೋಗಿರಲಿಲ್ಲ. ಕಾಕು ಹೋದರು. ಅಲ್ಲಿದ್ದವರು ಗಾಬರಿಯಿಂದ ಸರಿದು ಜಾಗ ಕೊಟ್ಟರು. ಕಾಕಾನ ಪಕ್ಕ ಕುಳಿತು, ಎಲ್ಲರಿಗೂ ಕೇಳಿಸುವಂತೆ, ಸಂತೆಗೆ ಹೋಗುವ ಮಾತಿನಷ್ಟೇ ಸಹಜವಾಗಿ ಹೇಳಿದರು.

"ಸೋಮವಾರ ದವಾಖಾನಿಗೆ ಹೋಗಬೇಕ್ರಿ. ನೀವೂ ಬರ್ರಿ."

ಕಾಕಾ ಫೋನಿನಿಂದ ತಲೆ ಎತ್ತಲಿಲ್ಲ. ಹೊಸ ನಂಬರನ್ನು ಎರಡನೆಯ ಸಲ ಒತ್ತಬೇಕಾದ ಹಂತದಲ್ಲಿ ಅವರ ಬೆರಳು ನಿಂತಿತ್ತು.

"ಎಂಟಕ್ಕ ಮನಿ ಬಿಡೂಣು," ಎಂದರು. "ಒಂಬತ್ತೂವರಿಗೆ ಅಲ್ಲಿ ಇರಬೇಕಲ್ಲ, ಗಚ್ಚಿಬೌಲಿ ಕಡೆ ಭಾಳ ಟ್ರಾಫಿಕ್ ಇರತೈತಿ."